ಕರಾರು ‘ಮುರಿಯುವುದು’, ಕರಾರಿಗೆ ‘ತಪ್ಪುವುದು’: ನೋಟಿಸಿನಲ್ಲಿ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ಒಂದು ನೋಟಿಸ್ ಬರೆಯಲು ಕೂತು ಪದ ಸಿಗದೆ ನಿಂತಿದ್ದೇನೆ.

ದಾವಣಗೆರೆ ಹತ್ತಿರ ನಮ್ಮ ದೊಡ್ಡಪ್ಪ ಮೆಕ್ಕೆಜೋಳ ಇಡಲು ಗೋಡೌನ್ ಕಟ್ಟಿಸಿದರು. ಛಾಪಾ ಕಾಗದದ ಕರಾರಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶೀಟ್ ಅಂತ ಇದೆ. ಹಾಕಿದ್ದು ಅದಕ್ಕಿಂತ ತೆಳು. ಮೊದಲ ಮಳೆಗೇ ಸ್ಕ್ರೂ ತೂತುಗಳಿಂದ ನೀರು ಇಳಿದು, ಗೋಡೆ ಪಕ್ಕದ ಚೀಲಗಳ ಹೊಲಿಗೆ ಸಂದಿಯಲ್ಲಿ ಕಾಳು ಮೊಳಕೆ ಒಡೆದಿದ್ದವು. ಕಟ್ಟಿದವರಿಗೂ ದೊಡ್ಡಪ್ಪನಿಗೂ ಇಂಗ್ಲಿಷ್ ಬರುವುದಿಲ್ಲ, ಹಾಗಾಗಿ ನೋಟಿಸ್ ಕನ್ನಡದಲ್ಲೇ ಆಗಬೇಕು.

ನನಗೆ ಸಿಕ್ಕ ಮಾದರಿಯಲ್ಲಿ ‘ಕರಾರು ಉಲ್ಲಂಘನೆ’ ಅಂತ ಇತ್ತು. ಲಂಘನ ಅಂದರೆ ಜಿಗಿಯುವುದು, ದಾಟುವುದು. ಸಿಗ್ನಲ್ ಉಲ್ಲಂಘನೆ ಸರಿ, ಅಲ್ಲಿ ದಾಟಲು ಗೆರೆ ಇದೆ. ಇವರು ಮಾಡಬೇಕಾದ್ದನ್ನು ಮಾಡಿಲ್ಲ, ಅಷ್ಟೇ. ‘ಕರಾರು ಮುರಿದಿದ್ದೀರಿ’ ಅಂತ ಬರೆದೆ. ದೊಡ್ಡಪ್ಪ ಓದಿ, “ಮುರಿದ್ರು ಅಂದ್ರೆ ಮುಗೀತಲ್ಲ, ಆಮೇಲೆ ಸರಿ ಮಾಡ್ಕೊಡಿ ಅಂತ ಹೆಂಗ್ ಕೇಳ್ತೀಯ?” ಅಂದರು. ಹೌದು, ಸಂಬಂಧ ಮುರಿಯಿತು ಅಂದರೆ ಅಲ್ಲಿಗೆ ಮುಗಿಯಿತು. ‘ಕರಾರಿಗೆ ತಪ್ಪಿದ್ದೀರಿ’ ಅಂದರೆ ಕರಾರು ಹಾಗೇ ನಿಂತಿರುತ್ತದೆ, ತಪ್ಪಿದವರು ಇವರು. ‘ಮಾತಿಗೆ ತಪ್ಪಿದ’ ಅನ್ನುವಾಗಲೂ ಇದೇ ಅರ್ಥ ಅಲ್ವಾ? 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ ಹಿಡಿದು ನಷ್ಟ ಕೇಳುವಾಗ ಈ ಪದ ಗಟ್ಟಿ ನಿಲ್ಲುತ್ತದೆಯೇ ಅನ್ನುವುದೇ ನನ್ನ ಮುಖ್ಯ ಪ್ರಶ್ನೆ. (ಕೆಲಸ ತಡವೂ ಆಗಿತ್ತು. ಆದರೆ ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗಲೇ ‘ಪರಿಹಾರ ಕೇಳುತ್ತೇವೆ’ ಅಂತ ತಿಳಿಸಿರಬೇಕು ಅನ್ನುತ್ತದೆ 55ನೇ ಸೆಕ್ಷನ್. ದೊಡ್ಡಪ್ಪ ಬೀಗದಕೈ ಇಸಿದುಕೊಂಡು ಸುಮ್ನೆ ಬಂದಿದ್ದರು, ಹಾಗಾಗಿ ಅದನ್ನು ಬಿಟ್ಟೆ.)

ಇನ್ನೊಂದು, ‘ದುರಸ್ತಿ ಮಾಡಿಕೊಡಿ’ ಅಂತ ಬರೆದರೆ ತೂತಿಗೆ ಏನೋ ಮೆತ್ತಿ ಹೋಗುತ್ತಾರೆ. ‘ತಿದ್ದಿಕೊಡಿ’ ಬರಹಕ್ಕಾಯಿತು, ಶೀಟಿಗಲ್ಲ. ‘15 ದಿನದ ವಾಯಿದೆ’ ಅಂದರೆ ಕೋರ್ಟಿಗೆ ಅಲೆದವರ ಕಿವಿಗೆ ಮುಂದೂಡಿದಂತೆ ಕೇಳುತ್ತದೆ, ಅದಕ್ಕೇ ‘ಗಡುವು’ ಅಂತ ಹಾಕಿದೆ. ಈಗಿರುವ ಸಾಲು ಹೀಗಿದೆ:

“ನೀವು ಕರಾರಿಗೆ ತಪ್ಪಿದ್ದೀರಿ. ಈ ನೋಟಿಸ್ ತಲುಪಿದ 15 ದಿನದ ಗಡುವಿನೊಳಗೆ ಶೀಟ್ ಬದಲಿಸಿ, ಕರಾರಿನಲ್ಲಿ ಬರೆದಂತೆಯೇ ಮಾಡಿಕೊಡಬೇಕು.”

ಚಳ್ಳಕೆರೆ, ಹೊಳಲ್ಕೆರೆ ಕಡೆಯವರ ಮನೆಗಳಲ್ಲಿ ಹಳೆಯ ಕರಾರುಪತ್ರ, ಗುತ್ತಿಗೆ ಪತ್ರ ಇದ್ದರೆ ದಯವಿಟ್ಟು ತೆಗೆದು ನೋಡಿ. ಅವುಗಳಲ್ಲಿ ‘ತಪ್ಪಿದಲ್ಲಿ’ ಅಂತ ಇದೆಯೋ ‘ಮುರಿದಲ್ಲಿ’ ಅಂತ ಇದೆಯೋ, ಆ ಸಾಲನ್ನು ಇದ್ದ ಹಾಗೇ ಬರೆದು ತಿಳಿಸಿ.