ಜರ್ಮನಿಗೆ ಹೊರಡುವ ಮುನ್ನ: ಸಿಮ್, ಮನೆಯ ಇಂಟರ್‌ನೆಟ್, ಲ್ಯಾಪ್‌ಟಾಪ್ ಕುರಿತು ಅಲ್ಲಿ ನೆಲೆಸಿದವರ ಅನುಭವ

ಕೇಳಿದವರು, ಮೈಸೂರಿನಿಂದ:

ನನಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೆಂಡತಿ, ಶಾಲೆಗೆ ಹೋಗುವ ಮಗಳೊಂದಿಗೆ ಹೊರಡುತ್ತಿದ್ದೇನೆ. ಅಪ್ಪ ಅಮ್ಮ ಇಲ್ಲಿಯೇ ಇರುತ್ತಾರೆ. ಅಲ್ಲಿ ಮನೆಗೆ ಇಂಟರ್‌ನೆಟ್ ಹಾಕಿಸಿಕೊಳ್ಳುವುದು ಹೇಗೆ? ಇಲ್ಲಿನ ಸಿಮ್ ಉಳಿಸಿಕೊಳ್ಳಬೇಕೇ? ಲ್ಯಾಪ್‌ಟಾಪ್ ಇಲ್ಲೇ ಕೊಳ್ಳುವುದು ಒಳ್ಳೆಯದೋ, ಅಲ್ಲಿಯೋ? ಅಲ್ಲಿ ಸಂಸಾರ ಹೂಡಿರುವವರು ದಯವಿಟ್ಟು ತಿಳಿಸಿ.

ಉತ್ತರ, ಮ್ಯೂನಿಕ್‌ನಿಂದ:

ನಮಸ್ಕಾರ ಸರ್, ಅಭಿನಂದನೆಗಳು. ನೀವು ಮೊದಲು ಕೇಳಿದ್ದು ಇಂಟರ್‌ನೆಟ್ ಬಗ್ಗೆ. ನಾನು ಸಿಮ್‌ನಿಂದ ಶುರು ಮಾಡುತ್ತೇನೆ. ಜರ್ಮನಿಯಲ್ಲಿ ಇಂಟರ್‌ನೆಟ್ ತಡವಾಗಿಯಾದರೂ ಬರುತ್ತದೆ, ಲ್ಯಾಪ್‌ಟಾಪ್ ಯಾವತ್ತು ಬೇಕಾದರೂ ಅಂಗಡಿಯಲ್ಲಿ ಸಿಗುತ್ತದೆ. ಭಾರತದ ಮೊಬೈಲ್ ಸಂಖ್ಯೆ ಕೈತಪ್ಪಿದರೆ ಮಾತ್ರ ಇಲ್ಲಿ ಕುಳಿತು ಅದನ್ನು ಮರಳಿ ಪಡೆಯಲು ಪಡಬೇಕಾದ ಪಾಡು ಬೇಡ. ಉಳಿದಿರುವ ದಿನಗಳನ್ನು ಊರಲ್ಲಿ ಮಾತ್ರ ಆಗುವ ಕೆಲಸಗಳಿಗೇ ಮೀಸಲಿಡಿ. ಬಂದ ಮೇಲೂ ಮಾಡಬಹುದಾದದ್ದನ್ನೆಲ್ಲ ಬಂದ ಮೇಲೆಯೇ ಮಾಡಿ.

ಬ್ಯಾಂಕ್, ಆಧಾರ್, ಭವಿಷ್ಯ ನಿಧಿ, ವಿಮೆ, ಅಡುಗೆ ಅನಿಲ, ಎಲ್ಲದರ ಒಟಿಪಿಯೂ ಆ ಒಂದೇ ಸಂಖ್ಯೆಗೆ ಬರುತ್ತದೆ. ಸತತ 90 ದಿನ ಕರೆ, ಸಂದೇಶ, ಡೇಟಾ ಯಾವುದೂ ನಡೆಯದ ಪ್ರಿಪೇಯ್ಡ್ ಸಂಖ್ಯೆಯನ್ನು ಕಂಪನಿ ಸ್ಥಗಿತಗೊಳಿಸಬಹುದು. ಮುಂದೆ ಅದು ಬೇರೆ ಯಾರದೋ ಸಂಖ್ಯೆಯಾಗುತ್ತದೆ, ನಿಮ್ಮ ಬ್ಯಾಂಕಿನ ಸಂದೇಶಗಳು ಅವರ ಫೋನಿಗೆ ಹೋಗುತ್ತವೆ. ನನಗೆ ತಿಳಿದ ಕುಟುಂಬವೊಂದು ಬರೀ ಈ ಕಾರಣಕ್ಕೆ ಬೆಂಗಳೂರಿಗೆ ವಿಮಾನ ಹತ್ತಬೇಕಾಯಿತು. ಆದ್ದರಿಂದ ಇರುವುದರಲ್ಲಿ ಅಗ್ಗದ, ದೀರ್ಘ ಅವಧಿಯ ಯೋಜನೆಯೊಂದನ್ನು ಹಾಕಿಸಿ. ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಹೊರಡುವ ಮೊದಲೇ ಚಾಲೂ ಮಾಡಿಸಿ, ಆಗಿದೆಯೇ ಎಂದು ಕಂಪನಿಯ ಆ್ಯಪ್‌ನಲ್ಲಿ ಕಣ್ಣಾರೆ ನೋಡಿ. ರೋಮಿಂಗ್‌ನಲ್ಲಿ ಸಂದೇಶ ಬರುವುದಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಪ್ಯಾಕ್ ಇಲ್ಲದೆ ಕರೆ ಎತ್ತಿದರೆ ಮಾತ್ರ ನಿಮಿಷದ ಲೆಕ್ಕದಲ್ಲಿ ಹಣ ಹೋಗುತ್ತದೆ. ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿಬಿಡಿ. ಕರೆ ಬಂದರೆ ಎತ್ತಬೇಡಿ, ವಾಟ್ಸ್ಆ್ಯಪ್‌ನಲ್ಲಿ ತಿರುಗಿ ಮಾಡಿ.

ಇನ್ನೊಂದು ಮಾತು. ಭಾರತದ ಸಿಮ್ ಪ್ಲಾಸ್ಟಿಕ್ ಚೂರಿನ ರೂಪದಲ್ಲೇ ಇರಲಿ. ಜರ್ಮನಿಯ ಸಂಖ್ಯೆ ಬೇಕಾದರೆ ಇ-ಸಿಮ್, ಅಂದರೆ ಚೂರಿಲ್ಲದೆ ಫೋನಿನೊಳಗೇ ಕೂರುವ ಸಿಮ್, ಆಗಲಿ. ಫೋನ್ ಬಿದ್ದು ಒಡೆದರೆ ಪ್ಲಾಸ್ಟಿಕ್ ಸಿಮ್ ತೆಗೆದು ಯಾವ ಹಳೆಯ ಫೋನಿಗೆ ಹಾಕಿದರೂ ಒಟಿಪಿ ಬರುತ್ತದೆ. ಭಾರತದ ಇ-ಸಿಮ್ ಅನ್ನು ಹೊಸ ಫೋನಿಗೆ ವರ್ಗಾಯಿಸಲು ಹೊರಟರೆ ಆ ದೃಢೀಕರಣದ ಸಂದೇಶವೇ ಒಡೆದ ಫೋನಿಗೆ ಬರುತ್ತದೆ. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಸಂದೇಶ ಸೌಲಭ್ಯ ತಡೆಹಿಡಿಯುವ ನಿಯಮವೂ ಇರುವುದರಿಂದ, ಹಾಳಾದ ಹಳೆಯ ಸಿಮ್ ಬದಲಿಸಿಕೊಳ್ಳುವುದಿದ್ದರೆ ವಿಮಾನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ಆಧಾರ್‌ಗೆ ಹಳೆಯ ಸಂಖ್ಯೆ ಜೋಡಣೆಯಾಗಿದ್ದರೆ ಈಗಲೇ ಕೇಂದ್ರಕ್ಕೆ ಹೋಗಿ ಬದಲಿಸಿ. ಮನೆಯವರದ್ದೂ ನೋಡಿ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಬ್ಯಾಂಕ್ ಖಾತೆಗೂ ಗಂಡನ ಸಂಖ್ಯೆಯೇ ಇರುತ್ತದೆ. ಗಂಡ ಆಫೀಸಿನ ಸಭೆಯಲ್ಲಿದ್ದಾಗ ಆಕೆ ತನ್ನ ದುಡ್ಡನ್ನೇ ತಾನು ಮುಟ್ಟಲಾರದೆ ಕೂರಬೇಕಾಗುತ್ತದೆ. ಅವರ ಹೆಸರಿನಲ್ಲೊಂದು ಸಂಖ್ಯೆ, ಅವರ ಕೈಯಲ್ಲೊಂದು ಸಿಮ್ ಇರಲೇಬೇಕು.

ಗೂಗಲ್ ಖಾತೆಗೆ ಎರಡು ಹಂತದ ಭದ್ರತೆ ಹಾಕಿದ್ದರೆ ಫೋನ್ ಕೈಯಲ್ಲಿಲ್ಲದಾಗ ಬಳಸಲು ಅದರ ಸೆಟ್ಟಿಂಗ್‌ನಲ್ಲಿ ಹತ್ತು ಬ್ಯಾಕಪ್ ಸಂಕೇತಗಳನ್ನು ಕೊಡುತ್ತಾರೆ. ಮುದ್ರಿಸಿ ಪಾಸ್‌ಪೋರ್ಟ್ ಪ್ರತಿಯ ಜೊತೆ ಇಡಿ. ಪ್ಲೇ ಸ್ಟೋರ್‌ನ ದೇಶವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದು. ಇಲ್ಲಿಗೆ ಬಂದ ಉತ್ಸಾಹದಲ್ಲಿ ಬದಲಿಸಿಬಿಟ್ಟರೆ ಭಾರತದ ಕೆಲವು ಆ್ಯಪ್‌ಗಳು ಕಾಣುವುದೇ ಇಲ್ಲ. ಹಳೆಯ ಖಾತೆ ಭಾರತದ್ದಾಗಿಯೇ ಇರಲಿ. ಅದೇ ಫೋನಿನಲ್ಲಿ ಇನ್ನೊಂದು ಗೂಗಲ್ ಖಾತೆ ತೆರೆದು ಅದನ್ನು ಜರ್ಮನಿಯ ಆ್ಯಪ್‌ಗಳಿಗೆ ಬಳಸಿ.

ಉತ್ತರ, ಎಸ್ಲಿಂಗೆನ್‌ನಿಂದ:

ನಾನಿರುವುದು ಸ್ಟುಟ್‌ಗಾರ್ಟ್‌ನ ಪಕ್ಕದಲ್ಲೇ. ಮನೆಯ ಸಂಪರ್ಕದ ವಿಷಯ ನಾನು ಹೇಳುತ್ತೇನೆ.

ಮೊದಲ ಕೆಲವು ವಾರ ಪ್ರಿಪೇಯ್ಡ್ ಸಿಮ್‌ನ ಹಾಟ್‌ಸ್ಪಾಟ್‌ನಲ್ಲೇ ಕಳೆಯುವಿರಿ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸಿಮ್ ಆಲ್ಡಿ, ಲಿಡ್ಲ್‌ನಂತಹ ದಿನಸಿ ಮಳಿಗೆಗಳಲ್ಲೇ ಸಿಗುತ್ತದೆ. 2017ರ ಜುಲೈಯಿಂದ ಗುರುತು ದೃಢೀಕರಣವಿಲ್ಲದೆ ಇಲ್ಲಿ ಪ್ರಿಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ವಿಡಿಯೊ ಕರೆಯಲ್ಲಿ ಪಾಸ್‌ಪೋರ್ಟ್ ತೋರಿಸುವ ವ್ಯವಸ್ಥೆ ಇದೆ. ಅದು ನಡೆಯದಿದ್ದರೆ ಅಂಚೆ ಕಚೇರಿಗೆ ಒಯ್ದು ತೋರಿಸುವ ದಾರಿ ಇದ್ದೇ ಇರುತ್ತದೆ. ಹೊಸಬರಿಗೆ ಇಲ್ಲಿ ಸಾಲ ತೀರಿಸಿದ ಚರಿತ್ರೆ ಏನೂ ಇರುವುದಿಲ್ಲವಾದ್ದರಿಂದ ಮಾಸಿಕ ಬಿಲ್ಲಿನ ಸಿಮ್ ಅರ್ಜಿ ತಿರಸ್ಕೃತವಾಗಬಹುದು. ಬೇಸರ ಬೇಡ, ಪ್ರಿಪೇಯ್ಡ್‌ನಲ್ಲೇ ಇರಿ.

ಮನೆ ಸಿಕ್ಕ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಕರೆಗಂಟೆಯ ಮೇಲೂ ಅಂಚೆ ಪೆಟ್ಟಿಗೆಯ ಮೇಲೂ ನಿಮ್ಮ ಹೆಸರು ಅಂಟಿಸುವುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಅಪಾರ್ಟ್‌ಮೆಂಟ್‌ಗಳಿಗೆ ಸಾಮಾನ್ಯವಾಗಿ ಮನೆ ಸಂಖ್ಯೆ ಇರುವುದಿಲ್ಲ, ಹೆಸರೇ ವಿಳಾಸ. ಹೆಸರು ಕಾಣದಿದ್ದರೆ ರೂಟರ್ ತಂದ ಪಾರ್ಸೆಲ್‌ನವನು ಮರಳಿ ಹೋಗುತ್ತಾನೆ, ಪಾಸ್‌ವರ್ಡ್ ಇರುವ ಪತ್ರ ವಾಪಸಾಗುತ್ತದೆ, ತಂತ್ರಜ್ಞ ಕೆಳಗೆ ನಿಂತು ನೋಡಿ "ಗ್ರಾಹಕರು ಇರಲಿಲ್ಲ" ಎಂದು ಬರೆದು ನಡೆದುಬಿಡುತ್ತಾನೆ. ಮುಂದಿನ ದಿನಾಂಕ ಸಿಗಲು ಮತ್ತೆ ವಾರಗಟ್ಟಲೆ ಕಾಯಬೇಕು. ಪಾಸ್‌ಪೋರ್ಟ್‌ನಲ್ಲಿರುವ ಹೆಸರು, ಒಪ್ಪಂದದಲ್ಲಿರುವ ಹೆಸರು, ಗಂಟೆಯ ಮೇಲಿನ ಹೆಸರು ಮೂರೂ ಒಂದೇ ಆಗಿರಲಿ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು ಸೇರಿಕೊಂಡು ಹೆಂಡತಿಯದೊಂದು, ಗಂಡನದೊಂದು, ಮಗುವಿನದು ಮತ್ತೊಂದು ಆಗಿರುತ್ತದೆ. ಅಷ್ಟನ್ನೂ ಚೀಟಿಯಲ್ಲಿ ಬರೆಯಿರಿ. ತಂತ್ರಜ್ಞ ಬರುವ ದಿನ ನೆಲಮಾಳಿಗೆಯ ಕೀಲಿ ಯಾರ ಬಳಿ ಇದೆ ಎಂದು ಮನೆ ಮಾಲೀಕರನ್ನು ಮೊದಲೇ ಕೇಳಿಡಿ. ತಂತಿಗಳೆಲ್ಲ ಕಟ್ಟಡದೊಳಗೆ ಬರುವುದು ಅಲ್ಲಿಂದಲೇ. ಹೇಳಿದ ದಿನ ಅವರು ಬಾರದಿದ್ದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ: 10 ಯೂರೊ ಅಥವಾ ಮಾಸಿಕ ಶುಲ್ಕದ ಶೇಕಡ 20, ಇವುಗಳಲ್ಲಿ ಯಾವುದು ಹೆಚ್ಚೋ ಅದು.

ಒಪ್ಪಂದ 24 ತಿಂಗಳಿನದು ಎಂದು ಹೇಳಿ ಸಹಿ ಹಾಕಿಸಲು ನೋಡುತ್ತಾರೆ. 2021ರ ಡಿಸೆಂಬರ್ 1ರಿಂದ ಜಾರಿಗೆ ಬಂದ ದೂರಸಂಪರ್ಕ ಕಾನೂನಿನ ಪ್ರಕಾರ 12 ತಿಂಗಳ ಒಪ್ಪಂದವನ್ನೂ ಕೊಡಲೇಬೇಕು. ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ನೀವು ಮನೆ ಬದಲಿಸಿದ ಕಡೆ ಆ ಕಂಪನಿಯ ಸೇವೆ ಇಲ್ಲದಿದ್ದರೂ ಅಷ್ಟೇ, ಒಂದು ತಿಂಗಳ ಮುನ್ಸೂಚನೆ ಸಾಕು. ಹೊಸಬರು ಮೊದಲ ಎರಡು ವರ್ಷದಲ್ಲಿ ಒಮ್ಮೆಯಾದರೂ ಮನೆ ಬದಲಿಸುವುದು ಹೆಚ್ಚು, ಆದ್ದರಿಂದ ಕೆಲವು ಯೂರೊ ದುಬಾರಿಯಾದರೂ ನಾನು ಚಿಕ್ಕ ಒಪ್ಪಂದವನ್ನೇ ಹೇಳುತ್ತೇನೆ. ಆನ್‌ಲೈನ್‌ನಲ್ಲೇ ಮಾಡಿಕೊಳ್ಳಿ. ಆನ್‌ಲೈನ್‌ನಲ್ಲಿ ಮಾಡಿದ ಒಪ್ಪಂದವನ್ನು 14 ದಿನದೊಳಗೆ ಕಾರಣ ಕೊಡದೆ ಹಿಂಪಡೆಯಬಹುದು. ಅಂಗಡಿಯೊಳಗೆ ಕುಳಿತು ಸಹಿ ಹಾಕಿದ್ದಕ್ಕೆ ಆ ಹಕ್ಕು ಇಲ್ಲ. ಭಾಷೆ ಬಾರದ ಹೊಸಬರು ಸಿಕ್ಕಿಕೊಳ್ಳುವುದು ಇಲ್ಲಿಯೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ವೇಗ ಕಡಿಮೆ ಅನಿಸಿದರೆ ಗೊಣಗುತ್ತ ಕೂರಬೇಡಿ. ಇಲ್ಲಿನ ನಿಯಂತ್ರಣ ಸಂಸ್ಥೆ ಬುಂಡೆಸ್‌ನೆಟ್ಸ್‌ಅಗೆಂಟೂರ್‌ನ ಅಳತೆ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿಕೊಂಡು, ವೈಫೈ ಬಿಟ್ಟು ಕೇಬಲ್ ಜೋಡಿಸಿ, ಎರಡು ವಾರದೊಳಗೆ ಮೂರು ಬೇರೆ ಬೇರೆ ದಿನ ಒಟ್ಟು 30 ಬಾರಿ ಅಳೆದರೆ ಅದು ಪುರಾವೆಯಾಗುತ್ತದೆ. ಅದನ್ನು ಕಳುಹಿಸಿ ಶುಲ್ಕ ಇಳಿಸುವಂತೆ ಕೇಳಬಹುದು. ಹಳೆಯ ಕಟ್ಟಡಗಳ ಗೋಡೆ ಬಲು ದಪ್ಪ. ಎಷ್ಟೋ ಸಲ ತೊಂದರೆ ಇರುವುದು ತಂತಿಯಲ್ಲಲ್ಲ, ವೈಫೈಯಲ್ಲಿ. ರೂಟರ್ ಕಂಪನಿಯದೇ ಆಗಬೇಕೆಂದಿಲ್ಲ, 2016ರ ಆಗಸ್ಟ್‌ನಿಂದ ಸ್ವಂತದ್ದನ್ನು ಬಳಸುವ ಸ್ವಾತಂತ್ರ್ಯವಿದೆ.

ಉತ್ತರ, ಉಲ್ಮ್‌ನಿಂದ:

ಲ್ಯಾಪ್‌ಟಾಪ್ ಊರಿನಲ್ಲೇ ತೆಗೆದುಕೊಳ್ಳಿ ಎನ್ನುವುದು ನನ್ನ ಸಲಹೆ, ಖಾತರಿ ಜರ್ಮನಿಯಲ್ಲೂ ನಡೆಯುವಂಥದ್ದಾದರೆ ಮಾತ್ರ. ಇಲ್ಲಿನ ಕೀಲಿಮಣೆಯಲ್ಲಿ ವೈ ಮತ್ತು ಜಡ್ ಅದಲು ಬದಲಾಗಿವೆ, ಚಿಹ್ನೆಗಳ ಜಾಗವೆಲ್ಲ ಬೇರೆ. ಪಾಸ್‌ವರ್ಡ್‌ನಲ್ಲಿ ಈ ಅಕ್ಷರಗಳಿದ್ದರೆ ಸರಿಯಾಗಿಯೇ ಒತ್ತಿದರೂ ತಪ್ಪು ಎನ್ನುತ್ತದೆ. ವಿದ್ಯುತ್ತಿನ ಚಿಂತೆ ಬೇಡ, ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಗೋಡೆಯ ಸಾಕೆಟ್‌ಗೆ ಮಾತ್ರ ನಮ್ಮ ಮೂರು ಪಿನ್ ಹೋಗುವುದಿಲ್ಲ. ಅಡಾಪ್ಟರ್ ಸಿಕ್ಕಿಸುವ ಬದಲು ಚಾರ್ಜರ್‌ನ ಡಬ್ಬಿಯಿಂದ ಗೋಡೆಗೆ ಹೋಗುವ ತುಂಡು ತಂತಿಯನ್ನಷ್ಟೇ ಇಲ್ಲಿ ಹೊಸದಾಗಿ ಕೊಳ್ಳಿ, ಕೆಲವೇ ಯೂರೊ.

ಊರಲ್ಲೇ ವಿಂಡೋಸ್‌ಗೆ ಕನ್ನಡ ಕೀಲಿಮಣೆ ಸೇರಿಸಿಕೊಳ್ಳಿ. ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಯೂನಿಕೋಡ್‌ಗೆ ಬದಲಿಸಿಡಿ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಇದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಕುಟುಂಬದ ಫೋಟೊಗಳ ಒಂದು ಪ್ರತಿಯನ್ನು ಅಪ್ಪ ಅಮ್ಮನ ಮನೆಯ ಬೀರುವಿನಲ್ಲಿ ಬಿಟ್ಟು ಬನ್ನಿ.

ಇನ್ನು ಟೊರೆಂಟ್. ದಯವಿಟ್ಟು ಲ್ಯಾಪ್‌ಟಾಪ್‌ನಿಂದ ಆ ತಂತ್ರಾಂಶವನ್ನು ಹೊರಡುವ ಮುನ್ನವೇ ಅಳಿಸಿಬಿಡಿ. ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿಕೊಳ್ಳುವಾಗಲೇ ಅದನ್ನು ಬೇರೆಯವರಿಗೆ ಹಂಚುತ್ತಲೂ ಇರುತ್ತೀರಿ. ಸಿನಿಮಾದ ಹಕ್ಕುದಾರರ ವಕೀಲರು ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸ ಹಿಡಿದು, ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರಿಗೆ ನೂರಾರು ಯೂರೊ ಕೇಳಿ ಪತ್ರ ಬರೆಯುತ್ತಾರೆ. ಬಂದು ಹೋದ ನೆಂಟರ ಲ್ಯಾಪ್‌ಟಾಪ್‌ನಿಂದ ಆಗಿದ್ದರೂ ಪತ್ರ ನಿಮಗೇ ಬರುತ್ತದೆ. ಬಂದರೆ ಗಾಬರಿಯಲ್ಲಿ ಜೊತೆಗಿರುವ ಮುಚ್ಚಳಿಕೆಗೆ ಸಹಿ ಹಾಕಬೇಡಿ, ಮೊದಲು ಗ್ರಾಹಕ ಸಲಹಾ ಕೇಂದ್ರಕ್ಕೆ ತೋರಿಸಿ.

ವಿಳಾಸ ನೋಂದಾಯಿಸಿದ ಮೇಲೆ ರೇಡಿಯೊ, ಟಿವಿ ಶುಲ್ಕದ ಪತ್ರವೂ ಬರುತ್ತದೆ, ಮನೆಗೆ ತಿಂಗಳಿಗೆ 18.36 ಯೂರೊ. ಅದು ವಂಚನೆಯಲ್ಲ. ಟಿವಿ ಇಲ್ಲದಿದ್ದರೂ ಕಟ್ಟಬೇಕು.

ಉತ್ತರ, ಹೈಡೆಲ್‌ಬರ್ಗ್‌ನಿಂದ:

ಎಲ್ಲರೂ ಇಲ್ಲಿನ ಮನೆಯ ಬಗ್ಗೆ ಹೇಳಿದ್ದೀರಿ, ನಾನು ಅಲ್ಲಿನ ಮನೆಯ ಬಗ್ಗೆ ಹೇಳುತ್ತೇನೆ. ನನ್ನ ಅಪ್ಪ ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದರ ಜೊತೆಗೆ ವೈಫೈಯೂ ಹೋಗುತ್ತದೆ, ನಾವಿಲ್ಲಿ ಏನಾಯಿತೋ ಎಂದು ಕಂಗಾಲಾಗುತ್ತೇವೆ. ರೂಟರ್‌ಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಹಾಕಿಸಿದ ಮೇಲೆ ಆ ಆತಂಕ ಬಹಳ ಕಡಿಮೆಯಾಯಿತು. ಕೊಳ್ಳುವ ಮುನ್ನ ನಿಮ್ಮ ರೂಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ನೋಡಿಕೊಳ್ಳಿ.

ಹೊರಡುವ ಮುನ್ನ ಅವರ ಪಕ್ಕದಲ್ಲಿ ಕುಳಿತು, ಅವರ ಬೆರಳಿನಿಂದಲೇ ವಿಡಿಯೊ ಕರೆ ಮಾಡಿಸಿ. ನೀವೇ ಫೋನ್ ಕಿತ್ತುಕೊಂಡು ಮಾಡಿ ತೋರಿಸಿದರೆ ಅವರು ಕಲಿಯುವುದಿಲ್ಲ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದಾದರೆ ನಿಮ್ಮದನ್ನೂ ಕೆಲವು ದಿನ ಕನ್ನಡದಲ್ಲೇ ಇಟ್ಟು ಅಭ್ಯಾಸ ಮಾಡಿಕೊಳ್ಳಿ, ಮುಂದೆ ದೂರದಿಂದ "ಈಗ ಅದನ್ನು ಒತ್ತಿ" ಎಂದು ಹೇಳಲು ಬರಬೇಕು. ಬೇಸಿಗೆಯಲ್ಲಿ ನಾವು ಊರಿಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಆ ವಾರ ಮೊದಲೇ ತಿಳಿಸಿ, ಇಲ್ಲದಿದ್ದರೆ ಅವರು ಊಟ ಬಿಟ್ಟು ಕಾಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ವಂಚಕರ ಕರೆ. ಮಕ್ಕಳು ವಿದೇಶದಲ್ಲಿರುವ ಮನೆಯ ಹಿರಿಯರಿಗೆ "ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ", "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ಹೆದರಿಸುತ್ತಾರೆ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ ಎಂದು ಬಿಡಿಸಿ ಹೇಳಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಅದು ಹಳೆಯ ಹಸುವಿನ ಹೆಸರು. ಯಾರೇ ನಮ್ಮ ಹೆಸರಿನಲ್ಲಿ ಹಣ ಕೇಳಿದರೂ ಅಮ್ಮ ಮೊದಲು ಅದನ್ನು ಕೇಳುತ್ತಾರೆ. ಹಣ ಹೋಗಿಯೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಟಿವಿಯ ಪಕ್ಕ ಅಂಟಿಸಿ. ಎನಿಡೆಸ್ಕ್‌ನಂಥ ಪರದೆ ಹಂಚಿಕೊಳ್ಳುವ ಆ್ಯಪ್‌ಗಳನ್ನು ನಾನು ಅಪ್ಪನ ಫೋನಿಗೆ ಹಾಕಿಲ್ಲ. ಒಮ್ಮೆ ಅದು ರೂಢಿಯಾದರೆ, ಬೇರೆಯವರು ಕೇಳಿದಾಗಲೂ ಸಂಕೇತ ಕೊಟ್ಟುಬಿಡುತ್ತಾರೆ. ಪಕ್ಕದ ಮನೆಯ ಕಾಲೇಜು ಹುಡುಗನೇ ನಮಗೆ ಆಧಾರ.

ಕೇಳಿದವರು:

ಎಲ್ಲರಿಗೂ ತುಂಬ ಧನ್ಯವಾದಗಳು. ಹೆಂಡತಿಯ ಹೆಸರಿನಲ್ಲಿ ಇವತ್ತೇ ಸಿಮ್ ತೆಗೆದುಕೊಂಡೆವು. ಇನ್ನೊಂದೇ ಪ್ರಶ್ನೆ: ಅಪ್ಪ ಔಷಧಿ ಕೊಳ್ಳುವ ಅಂಗಡಿಗೆ, ಮನೆಗೆಲಸದವರಿಗೆ ಈಗ ಯುಪಿಐನಲ್ಲಿ ಹಣ ಕೊಡುತ್ತೇನೆ. ಅಲ್ಲಿಂದಲೂ ನಡೆಯುತ್ತದೆಯೇ?

ಉತ್ತರ, ಮ್ಯೂನಿಕ್‌ನಿಂದ:

2023ರ ಜನವರಿಯಲ್ಲಿ ಹತ್ತು ದೇಶಗಳ ಮೊಬೈಲ್ ಸಂಖ್ಯೆಗಳಿಂದ ಅನಿವಾಸಿ ಖಾತೆಗಳಿಗೆ ಯುಪಿಐ ಅವಕಾಶ ಕೊಟ್ಟರು. ಜರ್ಮನಿ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಇಲ್ಲಿಯೂ ಭಾರತದ ಸಂಖ್ಯೆಯನ್ನೇ ನೆಚ್ಚಿಕೊಳ್ಳಬೇಕು. ನೀವು ಅನಿವಾಸಿಯಾದ ಮೇಲೆ ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಿಸಬೇಕು, ಅದು ಕಾನೂನು. ಅದಕ್ಕೆ ಯಾವ ಕಾಗದಗಳು ಬೇಕೆಂದು ನಿಮ್ಮ ಶಾಖೆಯಲ್ಲಿ ಈಗಲೇ ಕೇಳಿ, ಖಾತೆ ಬದಲಾದ ಮೇಲೂ ಯುಪಿಐ ನಡೆಯುತ್ತದೆಯೇ ಎಂಬುದನ್ನೂ ಅದೇ ಭೇಟಿಯಲ್ಲಿ ಖಚಿತಪಡಿಸಿಕೊಳ್ಳಿ.

ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ಶುರುವಾಗಬೇಕಾದರೆ ನೋಂದಾಯಿತ ಸಿಮ್‌ನಿಂದಲೇ ಒಂದು ಸಂದೇಶ ಹೊರಗೆ ಹೋಗಬೇಕು. ರೋಮಿಂಗ್‌ನಲ್ಲಿ ಅದು ಎಷ್ಟೋ ಸಲ ಹೋಗುವುದಿಲ್ಲ, ಹೋದರೆ ದುಬಾರಿ. ಫೋನ್ ಹಳೆಯದಾಗಿದ್ದರೆ ಮೈಸೂರಿನಲ್ಲೇ ಹೊಸದನ್ನು ಕೊಂಡು, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳನ್ನೆಲ್ಲ ಅದರಲ್ಲಿ ಜೋಡಿಸಿಕೊಂಡು, ಔಷಧಿ ಅಂಗಡಿಗೆ ಒಮ್ಮೆ ಅದರಿಂದಲೇ ಹಣ ಕಳುಹಿಸಿ ನೋಡಿ ಹೊರಡಿ. ಹಳೆಯ ಫೋನನ್ನು ಮಾರಬೇಡಿ, ಜೊತೆಯಲ್ಲಿ ತನ್ನಿ.