ಕಸ ಬೀಳಿಸದ ಮರ ಬೇಕಾಗಿದೆ

ಏಪ್ರಿಲ್ ತಿಂಗಳಿನಲ್ಲಿ ಲಾಲ್‌ಬಾಗಿನ ಕಲ್ಲುಬೆಂಚುಗಳಿಗೆ ಒಂದು ವೇಳಾಪಟ್ಟಿ ಇರುತ್ತದೆ. ಅದನ್ನು ಯಾರೂ ಬರೆದು ಅಂಟಿಸಿಲ್ಲವಾದರೂ ನಮ್ಮ ಗುಂಪಿನ ಐವರಿಗೂ ಅದು ಬಾಯಿಪಾಠವಾಗಿದೆ. ಬೆಳಿಗ್ಗೆ ಏಳರವರೆಗೆ ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು. ಎಂಟು ದಾಟಿದ ಮೇಲೆ ಮಳೆಮರದ ಕೆಳಗಿನ ಬೆಂಚು ಸಿಕ್ಕವನೇ ಭಾಗ್ಯವಂತ. ಆ ಬೆಂಚನ್ನು ಹಿಡಿಯುವ ಸಲುವಾಗಿಯೇ ನಾವು ನಮ್ಮ ನಡಿಗೆಯನ್ನು ಒಂದೂವರೆ ಸುತ್ತಿನಿಂದ ಅರ್ಧ ಸುತ್ತಿಗೆ ಇಳಿಸಿಕೊಂಡಿದ್ದೇವೆ. ಆರೋಗ್ಯಕ್ಕಾಗಿ ಮನುಷ್ಯ ಇಷ್ಟಾದರೂ ತ್ಯಾಗ ಮಾಡಬೇಡವೇ?

ಆ ದಿನ ನಿವೃತ್ತ ಎಂಜಿನಿಯರರು ಬಂದವರೇ ಒಂದು ಬಿಳಿಯ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟರು. ಹಿಂದೊಮ್ಮೆ ಪತ್ರಿಕೆಗೆ ಎರಡು ಪತ್ರ ಬರೆದೆನೆಂಬ ಒಂದೇ ಅಪರಾಧಕ್ಕಾಗಿ ನಮ್ಮ ಬಡಾವಣೆಯ ಅರ್ಜಿಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಅವರ ಮನೆಯ ಮುಂದಿನ ಹೊಂಗೆ ಮರವನ್ನು ಕಡಿಸಲು ಅನುಮತಿ ಕೋರಿ ಅರ್ಜಿ ಬರೆಯಬೇಕಾಗಿತ್ತು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮದೇ ಕಾಂಪೌಂಡಿನ ಮರವನ್ನಾದರೂ ಕೇಳದೆ ಕಡಿಯುವಂತಿಲ್ಲವೆಂಬ ಸಂಗತಿ ಅವರಿಗೆ ಹಿಂದಿನ ದಿನವಷ್ಟೇ ತಿಳಿದಿತ್ತು. ಆ ಕಾಯ್ದೆ ತಮ್ಮೊಬ್ಬರನ್ನು ಗುರಿಯಿಟ್ಟುಕೊಂಡೇ ಹುಟ್ಟಿದೆಯೆಂಬ ಭಾವನೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

“ನಾನು ಮರಗಳ ವಿರೋಧಿಯಲ್ಲ,” ಎಂದು ಎಂಜಿನಿಯರರು ಆರಂಭಿಸಿದರು. ಮರ ಕಡಿಸುವವರೆಲ್ಲರೂ ಹೀಗೆಯೇ ಆರಂಭಿಸುತ್ತಾರೆ. “ಆದರೆ ಈ ಹೊಂಗೆ ಫೆಬ್ರವರಿಯಲ್ಲಿ ಎಲೆ ಉದುರಿಸುತ್ತದೆ, ಆಮೇಲೆ ಹೂ ಉದುರಿಸುತ್ತದೆ, ಅದಾದ ಮೇಲೆ ಕಾಯಿ ಉದುರಿಸುತ್ತದೆ. ವರ್ಷದಲ್ಲಿ ಉದುರಿಸದೆ ಇರುವ ತಿಂಗಳು ಯಾವುದೆಂದು ನನಗೆ ಇದುವರೆಗೆ ತಿಳಿದಿಲ್ಲ. ಅದರ ಮೇಲೆ ಕುಳಿತ ಹಕ್ಕಿಗಳಂತೂ ನನ್ನ ಹೊಸ ಕಾರನ್ನೇ ಶೌಚಾಲಯ ಮಾಡಿಕೊಂಡಿವೆ. ಇದನ್ನು ತೆಗೆಸಿ, ಕಸ ಬೀಳಿಸದ ಒಳ್ಳೆಯ ಜಾತಿಯ ಮರವೊಂದನ್ನು ನೆಡೋಣವೆಂದಿದ್ದೇನೆ.”

“ಹಾಗಾದರೆ ಅರ್ಜಿ ಏಕೆ? ವರಾನ್ವೇಷಣೆಯ ಜಾಹೀರಾತನ್ನೇ ಕೊಟ್ಟುಬಿಡಿ. ‘ಸದ್ಗುಣಶೀಲ, ನಿರ್ವ್ಯಸನಿ, ಕಸ ಬೀಳಿಸದ ಮರ ಬೇಕಾಗಿದೆ’ ಎಂದು ಬರೆಯೋಣ,” ಎಂದರು ಡಾಕ್ಟರಮ್ಮ, ಕಣ್ಣಿನಿಂದ ದುರ್ಬೀನನ್ನು ಇಳಿಸದೆ. ನನಗೂ ಅದೇ ಸುಲಭವೆನಿಸಿದ್ದರಿಂದ ಹಾಳೆಯ ತಲೆಯಲ್ಲಿ ಆ ಸಾಲನ್ನು ಬರೆದೆ.

ಸಸ್ಯಶಾಸ್ತ್ರದ ಮೇಷ್ಟರು ಗಂಟಲು ಸರಿಪಡಿಸಿಕೊಂಡರು. “ಎಂಜಿನಿಯರೇ, ಹೊಂಗೆ ಎಲೆ ಉದುರಿಸುವುದು ನಿಜ. ಆದರೆ ಬಿಸಿಲು ಬಲಿಯುವ ಹೊತ್ತಿಗೆ, ಯುಗಾದಿಯ ಆಸುಪಾಸಿನಲ್ಲಿ, ಮೈತುಂಬ ಹೊಸ ತಳಿರು ಹೊತ್ತು ನಿಲ್ಲುತ್ತದೆ. ನಾವು ಹಬ್ಬಕ್ಕೆ ಹೊಸ ಬಟ್ಟೆ ತೊಡುವಾಗ ಹಳೆಯದನ್ನು ಹೊರಗೆ ಹಾಕುವುದಿಲ್ಲವೇ? ನೆರಳು ನಿಮಗೆ ಬೇಕಾದ ಕಾಲದಲ್ಲಿ ಅದು ಕೊಡೆಯನ್ನು ಹೊಸದಾಗಿಸಿಕೊಂಡೇ ಬಿಚ್ಚುತ್ತದೆ.”

“ನೆರಳಿಗೇನು, ಶೀಟು ಹಾಕಿಸಿದರೂ ಬರುತ್ತದೆ.”

ಬ್ಯಾಂಕಿನ ರಾಯರು ಇಷ್ಟು ಹೊತ್ತು ಸುಮ್ಮನಿದ್ದರು. ಅವರು ಎಂಜಿನಿಯರರ ಪಕ್ಕದ ಮನೆಯವರು. ಎಂಜಿನಿಯರರು ಮೂರು ವರ್ಷಗಳ ಹಿಂದೆ ಅಂಗಳದ ಮಣ್ಣು ಒಂದಿಂಚೂ ಕಾಣದಂತೆ ಟೈಲ್ಸ್ ಹಾಸಿದರು. ಮರುವರ್ಷ ಮನೆ ಕಾದು ಹಂಚಿನಂತಾಗುತ್ತದೆಂದು ಎ.ಸಿ. ಹಾಕಿಸಿದರು, ಆ ಎ.ಸಿ.ಯ ಹೊರಭಾಗ ರಾಯರ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಮುಖ ಮಾಡಿದೆ. ಈ ಹಿನ್ನೆಲೆಯನ್ನು ತಿಳಿಯದವರಿಗೆ ರಾಯರ ಮುಂದಿನ ಮಾತು ಅರ್ಥವಾಗಲಾರದು.

“ಮೇಷ್ಟರೇ, ಎ.ಸಿ. ಬಿಸಿಯನ್ನು ಕೊಲ್ಲುವುದಿಲ್ಲ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗಾಯಿಸುತ್ತದೆ, ಅಲ್ಲವೇ? ತನ್ನ ವಿದ್ಯುತ್ತಿನ ಬಿಸಿಯನ್ನೂ ಬಡ್ಡಿಯಾಗಿ ಸೇರಿಸಿ ನನ್ನ ಕಿಟಕಿಗೆ ಜಮಾ ಮಾಡುತ್ತದೆ. ಮರ ಅದನ್ನು ಯಾರ ಖಾತೆಗೆ ಹಾಕುತ್ತದೆ?”

ಮೇಷ್ಟರಿಗೆ ಮೂವತ್ತು ವರ್ಷ ಪಾಠ ಹೇಳಿದ ಅನುಭವದಲ್ಲಿ ಇಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಅವರು ಬೆಂಚಿನಿಂದ ಎದ್ದೇ ನಿಂತರು. “ನಿಮ್ಮ ಅಡುಗೆಮನೆಯ ಮಣ್ಣಿನ ಹೂಜಿಯನ್ನು ನೆನಪಿಸಿಕೊಳ್ಳಿ. ನೀರು ಹೂಜಿಯ ಮೈಯಿಂದ ಜಿನುಗಿ ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಹೂಜಿಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಎಲೆಯ ಕೆಳಗಿರುವ ಪತ್ರರಂಧ್ರಗಳೂ ಅದನ್ನೇ ಮಾಡುತ್ತವೆ. ಬೇರು ನೀರು ಸೇದುತ್ತದೆ, ಎಲೆ ಅದನ್ನು ಆವಿ ಮಾಡುತ್ತದೆ, ಬಿಸಿಲಿನ ಒಂದು ಪಾಲು ಗಾಳಿಯನ್ನು ಕಾಯಿಸುವ ಬದಲು ಆವಿಯೊಳಗೆ ಅಡಗಿ ಮೇಲೆ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು.”

“ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲಿ ಹೇಳಿ,” ಎಂದರು ರಾಯರು.

“ಸುಮಾರು 0.68 ಯೂನಿಟ್.”

ರಾಯರು ನನ್ನ ಕೈಯ ಪೆನ್ನನ್ನು ಕಸಿದುಕೊಂಡು ಜಾಹೀರಾತಿನ ಬೆನ್ನಿನ ಮೇಲೆ ಲೆಕ್ಕ ಹಾಕತೊಡಗಿದರು. ಹದಿನೈದು ಲೀಟರಿನ ಒಂದು ಬಕೆಟ್ ನೀರಿಗೆ ಹತ್ತು ಯೂನಿಟ್ಟಾಯಿತು. ಬುಡದಲ್ಲಿ ತೇವವಿರುವ ದೊಡ್ಡ ಮರವೊಂದು ಬೇಸಿಗೆಯ ದಿನದಲ್ಲಿ ನೂರು ಲೀಟರ್ ನೀರನ್ನು ಆವಿ ಮಾಡಬಲ್ಲದೆಂದು ಮೇಷ್ಟರು ಹೇಳಿದೊಡನೆ 68 ಯೂನಿಟ್ಟಾಯಿತು. ರಾಯರ ಕಣ್ಣು ತೇವವಾಯಿತು. “ಠೇವಣಿಯಿಲ್ಲ, ಬಿಲ್ಲಿಲ್ಲ, ಕಿಟಕಿಯೊಳಗೆ ಬಿಸಿಯುಸಿರಿಲ್ಲ! ಇಂಥ ಗ್ರಾಹಕನ ಖಾತೆಯನ್ನು ಮುಚ್ಚಿಸಲು ಅರ್ಜಿಯೇ?”

“ಅವಸರ ಬೇಡ,” ಎಂದರು ಮೇಷ್ಟರು, ಸತ್ಯವಂತರಾದ್ದರಿಂದ. “ಆ ತಂಪು ತೆರೆದ ಗಾಳಿಯಲ್ಲಿ ಹರಡಿಹೋಗುತ್ತದೆ, ಒಬ್ಬರ ಕೋಣೆಯಲ್ಲಿ ಕೂಡಿ ಬೀಳುವುದಿಲ್ಲ. ನೆಲ ಒಣಗಿದರೆ ಮರವೂ ಪತ್ರರಂಧ್ರಗಳನ್ನು ಮುಚ್ಚಿಕೊಂಡು ಕುಳಿತುಬಿಡುತ್ತದೆ. ಬುಡದವರೆಗೂ ಟೈಲ್ಸ್ ಹಾಸಿ, ನೀರು ಇಳಿಯಲು ಅಂಗೈಯಗಲ ಜಾಗವನ್ನೂ ಬಿಡದೆ, ಮರ ತಂಪು ಕೊಡಲಿಲ್ಲವೆಂದರೆ ಅದು ಹೂಜಿಗೆ ನೀರು ತುಂಬಿಸದೆ ದಾಹವಾಯಿತೆಂದು ದೂರಿದಂತೆ.” ಎಲ್ಲರೂ ಎಂಜಿನಿಯರರ ಕಡೆಗೆ ನೋಡಿದೆವು. ಅವರು ಗಾಜಿನ ಮನೆಯ ಕಡೆಗೆ ನೋಡಿದರು.

ಆದರೆ ಅವರು ಅಷ್ಟಕ್ಕೆ ಸೋಲುವವರಲ್ಲ. “ಲೋಕವೇ ಬಿಸಿಯಾಗುತ್ತಿರುವಾಗ ನನ್ನ ಮನೆಯ ಒಂದು ಮರದಿಂದ ಏನಾಗುತ್ತದೆ? 2016ರ ಏಪ್ರಿಲ್‌ನಲ್ಲಿ ಈ ಊರಿನಲ್ಲಿ 39.2 ಡಿಗ್ರಿ ಬಂದಾಗಲೂ ಹೊಂಗೆ ಅಲ್ಲೇ ನಿಂತಿತ್ತಲ್ಲ!”

“ಲೋಕದ ಬಿಸಿ ಬೇರೆ, ಊರಿನ ಬಿಸಿ ಬೇರೆ. ಮೋಡಗಳಿಗೆ ಹೆಸರಿಟ್ಟ ಲ್ಯೂಕ್ ಹೋವರ್ಡ್ ಎಂಬಾತ ಲಂಡನ್ನಿನ ರಾತ್ರಿ ಸುತ್ತಲಿನ ಹಳ್ಳಿಗಳ ರಾತ್ರಿಗಿಂತ ಬೆಚ್ಚಗಿರುತ್ತದೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಅಳೆದು ಬರೆದಿಟ್ಟಿದ್ದಾನೆ. ಆಗ ಕಾರೂ ಇರಲಿಲ್ಲ, ನಿಮ್ಮ ಎ.ಸಿ.ಯೂ ಇರಲಿಲ್ಲ. ಕಲ್ಲು, ಕಾಂಕ್ರೀಟು, ಡಾಮರು ಹಗಲಿಡೀ ಬಿಸಿಲು ಕುಡಿದು ರಾತ್ರಿ ಅದನ್ನು ಕಕ್ಕುತ್ತವೆ. ನಿಮ್ಮ ತಾರಸಿಯ ಕೆಳಗಿನ ಕೋಣೆಯಲ್ಲಿ ರಾತ್ರಿ ಹನ್ನೊಂದಾದರೂ ಹಾಸಿಗೆ ಬಿಸಿಯಾಗಿರುತ್ತದೆಂದು ಹೇಳಿದವರು ನೀವೇ ಅಲ್ಲವೇ?” ಅನಂತರ ಮೇಷ್ಟರು, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೊರತೆಗೆದರು. ಸಾಲುಮರಗಳಿರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿತ್ತಂತೆ. ರಸ್ತೆಯ ಮೈಯಂತೂ 27.5 ಡಿಗ್ರಿಯವರೆಗೆ ತಂಪಾಗಿತ್ತಂತೆ.

ಈ ಎರಡನೆಯ ಅಂಕಿ ಎಂಜಿನಿಯರರಿಗೆ ತಾಗಿತು. ಜೀವನವಿಡೀ ರಸ್ತೆ ಹಾಕಿಸಿದವರು. ಡಾಮರಿನ ವಿಷಯದಲ್ಲಿ ಯಾರಾದರೂ ಮಾತನಾಡಿದರೆ ಮಗಳ ಸುದ್ದಿ ಎತ್ತಿದಂತೆ ಕಿವಿ ನಿಮಿರಿಸುತ್ತಾರೆ. “ಇಪ್ಪತ್ತೇಳೂವರೆಯೇ?” ಎಂದು ಎರಡು ಬಾರಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನೆರಳು ಕೊಡುವ ಮರವೇ ಇರಲಿ. ಆದರೆ ಹಕ್ಕಿ ಕೂರಬಾರದೆಂದು ಬರೆಯಿರಿ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿಯವರು ಆದೇಶ ಹೊರಡಿಸಿದಾಗ ನಾನು ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ಆ ತಿಂಗಳು ನನ್ನ ಕಾರಿನ ಬಣ್ಣ ಯಾವುದೆಂದು ಮೊಮ್ಮಗ ಕೇಳಿದ,” ಎಂದರು.

ದುರ್ಬೀನು ಕೆಳಗಿಳಿಯಿತು. ಡಾಕ್ಟರಮ್ಮ ದುರ್ಬೀನನ್ನು ಇಳಿಸಿದರೆಂದರೆ ರೋಗಿಗೆ ಚುಚ್ಚುಮದ್ದು ಖಚಿತ.

“ಹಕ್ಕಿ ಕೂರದ ಮರಕ್ಕೆ ವಿದ್ಯುತ್ ಕಂಬವೆಂದು ಹೆಸರು, ಅದರ ಮೇಲೂ ಕಾಗೆ ಕೂರುತ್ತದೆ. ನಿಮ್ಮ ಹೊಂಗೆಯ ಹೂವಿಗೆ ಜೇನು ಬರುತ್ತದೆ. ನಿಮ್ಮ ಬೀದಿಯ ಕೊನೆಯ ಅಶ್ವತ್ಥಕಟ್ಟೆಯನ್ನು ನೋಡಿದ್ದೀರಾ? ನಾಗರಕಲ್ಲಿಗೆ ಪ್ರದಕ್ಷಿಣೆ ಹಾಕುವವರು ಬೆಳಿಗ್ಗೆ ಬಂದರೆ, ಹಣ್ಣಿಗಾಗಿ ಪ್ರದಕ್ಷಿಣೆ ಹಾಕುವ ಬಾವಲಿಗಳು ರಾತ್ರಿ ಬರುತ್ತವೆ. ಆಲ, ಅರಳಿ, ಅತ್ತಿಗಳು ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದು ಮರ ಮುಗಿಸುವಾಗ ಇನ್ನೊಂದು ಆರಂಭಿಸುತ್ತದೆ. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಕುಟ್ರು ಹಕ್ಕಿಗೂ ಕೋಗಿಲೆಗೂ ಅದೇ ಅನ್ನಛತ್ರ. ಅದೇ ಕುಟ್ರು ಹಕ್ಕಿ ಒಣಗಿದ ಕೊಂಬೆಯನ್ನು ಕೊರೆದು ಗೂಡು ಮಾಡುತ್ತದೆ. ನೀವು ಒಣಕೊಂಬೆ ಕಂಡೊಡನೆ ಗರಗಸ ತರಿಸುತ್ತೀರಿ.”

“ಒಣಕೊಂಬೆ ತಲೆಯ ಮೇಲೆ ಬಿದ್ದರೆ?”

“ರಸ್ತೆಯ ಮೇಲಿನದನ್ನು ತೆಗೆಸಿ, ಬೇಡವೆಂದವರಾರು? ಉದ್ಯಾನದ ಮೂಲೆಯಲ್ಲಿರುವುದನ್ನು ಬಿಡಿ.” ಅವರು ಮುಂದುವರಿದರು. “ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಡುಪಾಪಗಳಿವೆ. ಈ ಊರಿನ ಕಾಡುಪಾಪಗಳನ್ನು ಹುಡುಕಲೆಂದೇ 2014ರಲ್ಲಿ ಸಂಶೋಧಕರೂ ಸಾರ್ವಜನಿಕರೂ ಸೇರಿ ಒಂದು ಯೋಜನೆ ಆರಂಭಿಸಿದರು. ಅಂಗೈಯಲ್ಲಿ ಹಿಡಿಸುವಷ್ಟು ಪ್ರಾಣಿ, ಮುಖದ ತುಂಬ ಕಣ್ಣು. ಇರುಳಿಡೀ ಇರುವೆ, ಹುಳ ತಿನ್ನುತ್ತದೆ. ಅದು ಕೋತಿಯಂತೆ ಹಾರಲಾರದು. ಒಂದು ಕೊಂಬೆಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಗೆ ಸಿಕ್ಕಿದ ಮೇಲೆಯೇ ಮೊದಲನೆಯದನ್ನು ಬಿಡುತ್ತದೆ.”

“ಬ್ಯಾಂಕಿನವರಂತೆ,” ಎಂದರು ಎಂಜಿನಿಯರರು, ಹಳೆಯ ಬಾಕಿ ತೀರಿಸಿಕೊಳ್ಳುತ್ತ.

“ಹೌದು, ಜಾಮೀನಿಲ್ಲದೆ ಹೆಜ್ಜೆ ಇಡುವುದಿಲ್ಲ. ನಡುವೆ ಒಂದು ಮರ ಹೋದರೆ ಅದರ ಪಾಲಿಗೆ ಸೇತುವೆ ಮುರಿದಂತೆ. ಆಮೇಲೆ ಆ ಜಾಗದಲ್ಲಿ ನೂರು ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೂ ಅವು ಬೆಳೆದು ಕೊಂಬೆಗೆ ಕೊಂಬೆ ಕೂಡುವವರೆಗೆ ಕಾಡುಪಾಪ ಎಲ್ಲಿ ಕಾಯಬೇಕು? ನಿಮ್ಮ ಕಚೇರಿಯ ಬೆಂಚಿನ ಮೇಲೆಯೇ?”

ಮಳೆಮರದಿಂದ ಒಂದು ಕಾಯಿ ರಾಯರ ಟೋಪಿಯ ಮೇಲೆ ಬಿದ್ದು ಮಾತು ಒಂದು ಕ್ಷಣ ನಿಂತಿತು. ರಾಯರು ಅದನ್ನು ಭಯಭಕ್ತಿಯಿಂದ ಜೇಬಿಗೆ ಹಾಕಿಕೊಂಡು ತಮ್ಮ ಮನೆಯ ಕಥೆ ತೆಗೆದರು. ತಾರಸಿಯ ಕುಂಡದಲ್ಲಿ ಅವರ ಶ್ರೀಮತಿಯವರು ಬೆಳೆಸಿದ ಕರಿಬೇವಿನ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂಥದೇನೋ ಕಂಡಿತು. ಒರೆಸಲು ಹೋದರೆ ಅದು ನಡೆಯಿತು. ಅದು ಚಿಟ್ಟೆಯ ಮರಿಹುಳವೆಂದೂ, ಹಕ್ಕಿಗಳು ತಿನ್ನದಿರಲೆಂದೇ ಆ ವೇಷ ಧರಿಸುತ್ತದೆಂದೂ ಡಾಕ್ಟರಮ್ಮ ಹೇಳಿದ ಮೇಲೆ ಆ ಮನೆಯ ಉಪ್ಪಿಟ್ಟಿಗೆ ಹದಿನೈದು ದಿನ ಕರಿಬೇವಿರಲಿಲ್ಲ. ಕೊನೆಗೆ ಕಪ್ಪು ರೆಕ್ಕೆಯ ಚಿಟ್ಟೆಯೊಂದು ಹೊರಬಂದು ಒಂದು ಗಳಿಗೆ ರೆಕ್ಕೆ ಒಣಗಿಸಿಕೊಂಡು, ವಂದನೆಯನ್ನೂ ಹೇಳದೆ ಹಾರಿಹೋಯಿತು. “ಒಂದು ಕುಂಡದಷ್ಟು ಹಸಿರಿಗೇ ಇಷ್ಟು ಸಂಸಾರ ಬಂದು ಸೇರುತ್ತದೆ,” ಎಂದು ರಾಯರು ಹೆಮ್ಮೆಯಿಂದ ಹೇಳಿದರು. ಉಪ್ಪಿಟ್ಟಿನ ವಿಷಯದಲ್ಲಿ ಮಾತ್ರ ಅವರ ದನಿ ಈಗಲೂ ಸ್ವಲ್ಪ ನಡುಗುತ್ತದೆ.

ಎಂಜಿನಿಯರರು ಕಡೆಯ ಅಸ್ತ್ರ ತೆಗೆದರು. “ಮರದ ತಂಟೆಯೇ ಬೇಡ, ಹುಲ್ಲುಹಾಸು ಹಾಕಿಸುತ್ತೇನೆ. ಹಸಿರಿಗೆ ಹಸಿರೂ ಆಯಿತು, ಉದುರುವುದೂ ತಪ್ಪಿತು.”

“ಹಾಕಿಸಿ,” ಎಂದರು ಮೇಷ್ಟರು. “ಅದಕ್ಕೆ ಏಪ್ರಿಲ್ ತಿಂಗಳಿನಲ್ಲಿ ಟ್ಯಾಂಕರ್ ನೀರು ತರಿಸಿ. ವಾರಕ್ಕೊಮ್ಮೆ ಕ್ಷೌರ ಮಾಡಿಸಿ. ಹಣ್ಣಿಲ್ಲ, ಪೊಟರೆಯಿಲ್ಲ, ಮಧ್ಯಾಹ್ನ ಅದರ ನೆರಳಿನಲ್ಲಿ ಕುಳಿತುಕೊಳ್ಳಬೇಕಾದರೆ ನೀವು ಇರುವೆಯಾಗಿ ಹುಟ್ಟಬೇಕು.”

ಇಷ್ಟು ಹೊತ್ತಿಗೆ ನಾನು ಜಾಹೀರಾತನ್ನು ಮುಗಿಸಿದ್ದೆ. ಎಲ್ಲರ ಒತ್ತಾಯದ ಮೇರೆಗೆ ಗಟ್ಟಿಯಾಗಿ ಓದಿದೆ: “ಸದ್ಗುಣಶೀಲ, ನಿರ್ವ್ಯಸನಿ, ಕಸ ಬೀಳಿಸದ ಮರ ಬೇಕಾಗಿದೆ. ಎಲೆಯಿರಬೇಕು, ಉದುರಬಾರದು. ಹೂವಿರಬೇಕು, ಜೇನು ಬರಬಾರದು. ಬೇರು ಇರುವುದಾದರೆ ಚಪ್ಪಡಿಯನ್ನು ಎಬ್ಬಿಸದಂತೆ ಸುಸಂಸ್ಕೃತವಾಗಿರಬೇಕು. ನೀರನ್ನು ಸ್ವಂತ ಖರ್ಚಿನಲ್ಲಿ ತರಬೇಕು. ನೆರಳನ್ನು ಕಾರಿನ ಅಳತೆಗೆ ಸರಿಯಾಗಿ ಕೊಡತಕ್ಕದ್ದು. ಪ್ಲಾಸ್ಟಿಕ್ ಜಾತಿಯವರಿಗೆ ಆದ್ಯತೆ.”

ಎಂಜಿನಿಯರರು ನಗಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು ಎರಡು ಬಾರಿ ಓದಿದರು, ತಿರುಗಿಸಿ ರಾಯರ 68 ಯೂನಿಟ್ಟಿನ ಲೆಕ್ಕವನ್ನೂ ಪರೀಕ್ಷಿಸಿದರು. “ಗುಣಾಕಾರ ಸರಿಯಾಗಿದೆ,” ಎಂದರು. ಅಷ್ಟರಲ್ಲಿ ಬಿಸಿಲು ಬೆಂಚಿನ ಅರ್ಧವನ್ನು ದಾಟಿ ಅವರ ಮೊಣಕಾಲಿಗೆ ಬಂದಿತ್ತು. ನಾವಿನ್ನೂ ಏಳಬೇಕೇ ಬೇಡವೇ ಎಂದು ಯೋಚಿಸುತ್ತಿರುವಾಗಲೇ ಅವರು ಎದ್ದು, ಮರದ ಆಚೆ ಬದಿಯಲ್ಲಿ ನೆರಳು ಸರಿದುಬಂದಿದ್ದ ಇನ್ನೊಂದು ಬೆಂಚಿನ ಬಳಿಗೆ ನಡೆದರು. ಅದರ ಮೇಲೆ ಹಣ್ಣೆಲೆಗಳು ದಟ್ಟವಾಗಿ ಬಿದ್ದಿದ್ದವು. ಎಂಜಿನಿಯರರು ಜಾಹೀರಾತಿನ ಹಾಳೆಯನ್ನು ನಾಲ್ಕಾಗಿ ಮಡಿಸಿ, ಅದರಿಂದ ಎಲೆಗಳನ್ನು ಒಂದು ಬದಿಗೆ ಗುಡಿಸಿ, ಐದು ಜನಕ್ಕೆ ಸಾಕಾಗುವಷ್ಟು ಜಾಗ ಮಾಡಿ ಕುಳಿತರು.