ಪ್ರಶ್ನೋತ್ತರ: ಮುಟ್ಟು ನಿಲ್ಲುವ ವಯಸ್ಸು, ಸೊಂಟದ ಸುತ್ತಳತೆ, ಶುಗರ್, ಬಿಪಿ

ನಿರ್ವಾಹಕಿ: ಇವತ್ತು ಸಂಜೆ ನಮ್ಮ ಗುಂಪಿನ ಡಾಕ್ಟರ್ ಉತ್ತರ ಕೊಡುತ್ತಾರೆ. ವಿಷಯ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಸೊಂಟ, ಶುಗರ್, ಬಿಪಿ, ರಕ್ತದ ಕೊಬ್ಬು ಒಟ್ಟಿಗೆ ಹದ ತಪ್ಪುವುದು, ಅದಕ್ಕೆ ಊಟ ಮತ್ತು ವ್ಯಾಯಾಮ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಲೆಕ್ಕದವಳು: ನನಗೆ 47. ಬರೀ ಹೊಟ್ಟೆಯ ಶುಗರ್ 104, ಟ್ರೈಗ್ಲಿಸರೈಡ್ 168, ಎಚ್‌ಡಿಎಲ್ 43, ಬಿಪಿ 124/80. ಎಲ್ಲ ಸ್ವಲ್ಪ ಹೆಚ್ಚುಕಮ್ಮಿ, ಅಷ್ಟೇ ಅಲ್ವಾ ಮೇಡಂ?

ಡಾಕ್ಟರ್: ಈ ತೊಂದರೆ ಬರುವುದೇ ಹಾಗೆ, ಸ್ವಲ್ಪ ಸ್ವಲ್ಪವಾಗಿ. ನಾವು ನೋಡುವುದು ಐದು ವಿಷಯ. ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 150 ಅಥವಾ ಜಾಸ್ತಿ, ಎಚ್‌ಡಿಎಲ್ ಅನ್ನುವ ಒಳ್ಳೆಯ ಕೊಲೆಸ್ಟರಾಲ್ ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ಬಿಪಿ ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಿದ್ದರೆ, ಬರೀ ಹೊಟ್ಟೆಯ ಶುಗರ್ 100 ಅಥವಾ ಜಾಸ್ತಿ. ಮೂರು ಸೇರಿದರೆ ಮೆಟಬಾಲಿಕ್ ಸಿಂಡ್ರೋಮ್. ಸೊಂಟ ಅಳೆಯುವ ಮೊದಲೇ ನಿಮಗೆ ಮೂರಾಯಿತು. ಹೆದರಬೇಡಿ, ಇದು ತಿರುಗಿಸಬಹುದಾದ ಹಂತ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ತೂಕ ಶೇ. 7 ಇಳಿಸುವ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಕೊಟ್ಟಿದ್ದರು. ಅವರಲ್ಲಿ ಕಾಯಿಲೆ ಬರುವುದು ಶೇ. 58 ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡವರಲ್ಲಿ ಶೇ. 31.

ಇಬ್ಬರ ಅಮ್ಮ: ಸೊಂಟ ಎಷ್ಟಿರಬೇಕು? ಪ್ಯಾಂಟ್ ಸೈಜ್ ಹೇಳಿದರೆ ಸಾಕಾ?

ಡಾಕ್ಟರ್: ಸಾಲದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಹೆಂಗಸರಿಗೆ ಮಿತಿ ಜನಾಂಗದ ಪ್ರಕಾರ 80 ಅಥವಾ 88 ಸೆಂ.ಮೀ.

ಬೆಳಗಿನ ನಡಿಗೆ: ಬಿಸಿನೀರಿಗೆ ನಿಂಬೆ, ದಾಲ್ಚಿನ್ನಿ ಹಾಕಿ ಕುಡಿದರೆ ಹೊಟ್ಟೆ ಕರಗುತ್ತೆ ಅಲ್ವಾ ಡಾಕ್ಟ್ರೇ?

ಡಾಕ್ಟರ್: ಇಲ್ಲ.

ಹಸಿರು ಛತ್ರಿ: ನನಗೆ 53. ಶುಗರ್‌ಗೆ ಗ್ಲಿಮೆಪಿರೈಡ್, ಬಿಪಿಗೆ ಅಟೆನೊಲಾಲ್. ಒಂದು ವಿಡಿಯೊ ನೋಡಿ ಮೂರು ವಾರದಿಂದ ದಿನಕ್ಕೆ 16 ಗಂಟೆ ಏನೂ ತಿನ್ನುತ್ತಿಲ್ಲ. ಬೆಳಗ್ಗೆ ಮಾತ್ರೆ ನುಂಗಿ, ಬರೀ ಹೊಟ್ಟೆಯಲ್ಲೇ ಒಂದು ಗಂಟೆ ನಡೆಯುತ್ತೇನೆ. ಮೊನ್ನೆ ಮನೆಗೆ ಬಂದಾಗ ಕೈ ನಡುಗಿ ಬೀಗಕ್ಕೆ ಕೀ ಹಾಕಲು ಆಗಲೇ ಇಲ್ಲ. ಎರಡೂ ಕೈಯಲ್ಲಿ ಹಿಡಿದು ತಳ್ಳಿದೆ. ಬೆನ್ನೆಲ್ಲ ಬೆವರಿ ಒದ್ದೆ. ಅದು ಕೊಬ್ಬು ಕರಗುವ ಲಕ್ಷಣ ಅಂತ ವಿಡಿಯೊದಲ್ಲಿ ಹೇಳಿದ್ದರು. ಎದೆಯೂ ಡವಡವ ಅನ್ನಲಿಲ್ಲ. ನಡಿಗೆಯನ್ನು ಒಂದೂವರೆ ಗಂಟೆಗೆ ಏರಿಸಲಾ?

ಬೆಳಗಿನ ನಡಿಗೆ: ಅದು ವಿಷ ಹೊರಗೆ ಹೋಗೋದು ಅಕ್ಕಾ. ಬಿಡಬೇಡಿ, ಮುಂದುವರಿಸಿ.

ಡಾಕ್ಟರ್: ಬಿಡಿ. ಇವತ್ತೇ ಬಿಡಿ. ಹಸಿರು ಛತ್ರಿಯವರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ಮೊನ್ನೆ ನಿಮಗಾದದ್ದು ಬಹುಪಾಲು ಶುಗರ್ ಇಳಿದು ಆದದ್ದು. ಗ್ಲಿಮೆಪಿರೈಡ್ ನೀವು ಉಂಡಿದ್ದೀರೋ ಇಲ್ಲವೋ ನೋಡುವುದಿಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಅದಕ್ಕೇ ಅದನ್ನು ಮೊದಲ ಊಟದ ಜೊತೆ ತಗೊಳ್ಳಿ ಅನ್ನುವುದು. ನೀವು ಅದರ ಮೇಲೆ ಒಂದು ಗಂಟೆ ನಡೆದಿರಿ. ನಡೆಯುವಾಗ ಸ್ನಾಯುಗಳೂ ಸಕ್ಕರೆ ಎಳೆದುಕೊಳ್ಳುತ್ತವೆ.

ಎದೆ ಡವಡವ ಅನ್ನಲಿಲ್ಲ ಅಂದಿರಲ್ಲ, ನನಗೆ ಜಾಸ್ತಿ ಹೆದರಿಕೆ ಆದದ್ದು ಅಲ್ಲೇ. ಅಟೆನೊಲಾಲ್ ಆ ಡವಡವವನ್ನು ಮುಚ್ಚಿಬಿಡುತ್ತದೆ. ಬೆವರನ್ನು ಮುಚ್ಚುವುದಿಲ್ಲ. ಅಂದರೆ ನಿಮಗೆ ಉಳಿದಿರುವ ಮುಖ್ಯ ಎಚ್ಚರಿಕೆ ಗಂಟೆ ಬೆವರೇ ಅನ್ನಿ. ಅದನ್ನು ಯಾರೋ ಕೊಬ್ಬು ಕರಗಿದ ಲೆಕ್ಕಕ್ಕೆ ಹಾಕಿದ್ದಾರೆ. ಇದೇ ಸ್ಥಿತಿ ರಸ್ತೆ ದಾಟುವಾಗ ಬಂದಿದ್ದರೆ?

ಮತ್ತೆ ಹಾಗಾದರೆ ಮೊದಲು ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ನೋಡುವ ಮೆಷಿನ್ ಇಲ್ಲದಿದ್ದರೆ, 15 ಗ್ರಾಂ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಕೂತು ಮತ್ತೆ ನೋಡಿ. ಏರದಿದ್ದರೆ ಮತ್ತೊಮ್ಮೆ. ಏರಿದ ಮೇಲೆ ಊಟ ಮಾಡಿ, ಯಾಕೆಂದರೆ ಈ ಮಾತ್ರೆಯ ಕೆಲಸ ಇಡೀ ದಿನ ಇರುತ್ತದೆ, ಮತ್ತೆ ಇಳಿಯಬಹುದು. ಮಾತು ತೊದಲಿದರೆ, ಎಚ್ಚರ ತಪ್ಪುವಂತಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ಮನೆಯವರಿಗೆ ಹೇಳಿಡಿ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಉಪವಾಸದ ವಿಷಯ ಮುಚ್ಚಿಡಬೇಡಿ. ಅಟೆನೊಲಾಲ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮನೆಯಲ್ಲಿ ಮೆಷಿನ್ ಇದೆಯಾ?

ಇಬ್ಬರ ಅಮ್ಮ: ಮುಟ್ಟು ನಿಂತು ಒಂದು ವರ್ಷ ಆಯಿತು. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ. ತೂಕ ಏರುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬೆಳಗಿನ ನಡಿಗೆ: ನಾನು ಒಳ್ಳೇದಕ್ಕೇ ಹೇಳಿದ್ದು. ಎಲ್ಲದಕ್ಕೂ ಮಾತ್ರೆ ಅಂದರೆ ಹೇಗೆ? ನಾನು ಉಪವಾಸ ಮಾಡಿ 6 ಕಿಲೊ ಇಳಿಸಿದ್ದೇನೆ.

ಲೆಕ್ಕದವಳು: ನೀವು ಶುಗರ್ ಮಾತ್ರೆ ತಗೊಳ್ಳುತ್ತೀರಾ?

ಬೆಳಗಿನ ನಡಿಗೆ: ಇಲ್ಲ. ಅದಕ್ಕೇ ಆರೋಗ್ಯವಾಗಿದ್ದೇನೆ.

ಲೆಕ್ಕದವಳು: ಹಾಗಾದರೆ ಅವರಿಗೆ ಯಾಕೆ ಹೇಳಿದಿರಿ?

ಸುಮ್ನೆ ಓದುವವನು: ತಪ್ಪೆಲ್ಲ ಎಣ್ಣೆಯದ್ದು. ಎಣ್ಣೆ ಬಿಟ್ಟರೆ ಟ್ರೈಗ್ಲಿಸರೈಡ್ ತಾನಾಗಿ ಇಳಿಯುತ್ತೆ.

ಲೆಕ್ಕದವಳು: ಸಕ್ಕರೆ, ಮೈದಾ ಜಾಸ್ತಿಯಾದರೂ ಅದು ಏರುತ್ತೆ ಸಾರ್. ಮದ್ಯದಿಂದಲೂ.

ಸುಮ್ನೆ ಓದುವವನು: ನೀವೇ ಡಾಕ್ಟರಾ?

ಡಾಕ್ಟರ್: ಲೆಕ್ಕದವರು ಹೇಳಿದ್ದು ಸರಿ. ಒಂದು ಅಡುಗೆ ಎಣ್ಣೆ ಬಾಟಲಿಯ ತಲೆ ಮೇಲೆ ಎಲ್ಲ ಹೊರಿಸಬೇಡಿ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನು ಇಂಥವು, ಉಳಿದ ಕಾಲು ಧಾನ್ಯ. ಸಿಹಿ ಪಾನೀಯ ಬೇಡ. ಬಿಪಿ ಇದ್ದವರಿಗೆ ಉಪ್ಪು ದಿನಕ್ಕೆ 5 ಗ್ರಾಂ ಒಳಗೆ. ಹಸಿರು ಛತ್ರಿಯವರು ಎಲ್ಲಿ?

ಹೊಸ ಸದಸ್ಯೆ: ನಮಸ್ತೆ ಮೇಡಂ, ದಾಲ್ಚಿನ್ನಿ ನೀರು ಬೆಳಗ್ಗೆ ಕುಡಿಯಬೇಕಾ, ರಾತ್ರಿನಾ?

ಡಾಕ್ಟರ್: ಮೇಲೆ ಓದಿ.

ಇಬ್ಬರ ಅಮ್ಮ: ಜಿಮ್‌ನಲ್ಲಿ ಭಾರ ಎತ್ತಿದರೆ ಮೈ ಗಂಡಸರ ಥರ ಆಗುತ್ತೆ ಅಂತಾರೆ. ನಡಿಗೆ ಸಾಲದಾ?

ಡಾಕ್ಟರ್: ಆಗಲ್ಲ, ಸಾಲಲ್ಲ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದಂತೆ ಕೊಬ್ಬು ತೊಡೆ ಬಿಟ್ಟು ಹೊಟ್ಟೆಯೊಳಗೆ ಸೇರುತ್ತದೆ, ವಯಸ್ಸಿಗೆ ಸ್ನಾಯುವೂ ಕರಗುತ್ತದೆ. ಉಂಡ ಸಕ್ಕರೆಯ ದೊಡ್ಡ ಪಾಲು ಹೋಗುವುದೇ ಸ್ನಾಯುವಿಗೆ. ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಕೆಲಸ ಕೊಡಿ. ಜಿಮ್ಮೇ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ 10 ಸಲ ಎದ್ದು ಕೂರಿ, ಗೋಡೆಗೆ ಕೈಕೊಟ್ಟು ತಳ್ಳಿ. ಊಟ ಆದ ಮೇಲೆ 10 ನಿಮಿಷ ಓಡಾಡಿ.

ಬೆಳಗಿನ ನಡಿಗೆ: ಇಲ್ಲಿ ಕೆಲವರ ಮಾತಿಗಷ್ಟೇ ಬೆಲೆ. ನಾನು ಗುಂಪು ಬಿಡುತ್ತೇನೆ.

ಸುಮ್ನೆ ಓದುವವನು: ಹೋಗುವ ಮುಂಚೆ ಆ ವಿಡಿಯೊ ಲಿಂಕ್ ಹಾಕಿ.

ಡಾಕ್ಟರ್: ಹಾಕಿದರೆ ನಾನೂ ಹೋಗುತ್ತೇನೆ.

ನಿರ್ವಾಹಕಿ: ಲಿಂಕ್ ಅಳಿಸಿದ್ದೇನೆ. ಸಮಾಧಾನ, ಎಲ್ಲರೂ.

ಹಸಿರು ಛತ್ರಿ: ಕ್ಷಮಿಸಿ ಮೇಡಂ, ಪಕ್ಕದ ಮನೆಯಿಂದ ಮೆಷಿನ್ ತಂದೆ. ಇವತ್ತು ಮಧ್ಯಾಹ್ನವೂ ಊಟ ಬಿಟ್ಟಿದ್ದೆ. 61 ಬಂತು. ಸಕ್ಕರೆ ನೀರು ಕುಡಿದು 15 ನಿಮಿಷಕ್ಕೆ 94. ಈಗ ಊಟ ಮಾಡುತ್ತಿದ್ದೇನೆ. ನಮ್ಮ ಡಾಕ್ಟರ್ ಫೋನಿಗೆ ಸಿಕ್ಕರು. ನಾಳೆ ಗ್ಲಿಮೆಪಿರೈಡ್ ಬೇಡ, ತಿಂಡಿ ತಿಂದು ಬನ್ನಿ ಅಂದರು.

ಡಾಕ್ಟರ್: ಒಳ್ಳೇದು. ಮಲಗುವ ಮುಂಚೆ ಇನ್ನೊಮ್ಮೆ ನೋಡಿ, ಎಷ್ಟಿತ್ತು ಅಂತ ಇಲ್ಲೇ ಹಾಕಿ. ಅಲ್ಲಿವರೆಗೆ ಎದ್ದಿರುತ್ತೇನೆ.